ಆಡಿಟರ್ ಆಫೀಸಿಗೆ ಸೆಕ್ಯುರಿಟಿ ಕೀ: ಒಂದು ವರ್ಷ ಬಳಸಿದ ಮೇಲೆ

ತುಮಕೂರಲ್ಲಿ ಒಂದು ಆಡಿಟರ್ ಆಫೀಸಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದೀನಿ. ನಾನು ಸಿಎ ಅಲ್ಲ, ಆಫೀಸಿನ ಲೆಕ್ಕ, ಕಂಪ್ಯೂಟರ್, ಪ್ರಿಂಟರ್, ನೆಟ್ಟು ಎಲ್ಲಾ ನೋಡ್ಕೊಳೋದು ನನ್ನ ಕೆಲಸ. 2025ರ ಜನವರಿಯಲ್ಲಿ ಯುಬಿಕೋ ಕಂಪನಿಯ ಸೆಕ್ಯುರಿಟಿ ಕೀ ಎನ್‌ಎಫ್‌ಸಿ ಅನ್ನೋ, ಲಾಗಿನ್ ಆಗುವಾಗ ಕಂಪ್ಯೂಟರಿಗೆ ಚುಚ್ಚೋ ಸಾಧನನ ತಗೊಂಡ್ವಿ, ಆಫೀಸಲ್ಲಿ 17 ಜನ, ತಲೆಗೆ ಎರಡರ ಹಾಗೆ 34, ಮೇಲೆ ಎರಡು ಸ್ಪೇರ್, ಒಟ್ಟು 36. ಒಂದು ವರ್ಷ ಪೂರ್ತಿ ಬಳಸಿ ಆಯ್ತು, ರಿಟರ್ನ್ ಸೀಸನ್ನೂ ನೋಡಿತು, ಆಡಿಟ್ ಸೀಸನ್ನೂ ನೋಡಿತು, ಅದಕ್ಕೇ ಈಗ ಬರೀತಿದೀನಿ. ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆದ್ರೆ ಕೀ ತಂದು ಕೈಗೆ ಕೊಟ್ಟ ತಕ್ಷಣ ಅದು ಕೆಲಸ ಮಾಡುತ್ತೆ ಅಂದ್ಕೊಂಡ್ರೆ ದುಡ್ಡು ದಂಡ.

ನೋಡೋಕೆ ಏನಿಲ್ಲ, ಪೆನ್ ಡ್ರೈವ್‌ಗಿಂತ ತೆಳು, ಮನೆ ಬೀಗದ ಕೈ ಜೊತೆ ಗೊಂಚಲಿಗೆ ಹಾಕ್ಕೊಬಹುದು. ಮಧ್ಯದಲ್ಲಿ ಚಿನ್ನದ ಬಣ್ಣದ ಒಂದು ಬಿಲ್ಲೆ ಇರುತ್ತೆ. ಬ್ಯಾಟರಿ ಇಲ್ಲ, ಚಾರ್ಜಿಂಗ್ ಇಲ್ಲ, ಸ್ಕ್ರೀನ್ ಇಲ್ಲ. ಮೇಲ್‌ಗೆ ಲಾಗಿನ್ ಆಗುವಾಗ ಪಾಸ್‌ವರ್ಡ್ ಹೊಡೀತೀರಿ, ಕೀ ಚುಚ್ಚಿ ಅಂತ ಕೇಳುತ್ತೆ, ಚುಚ್ಚಿದ್ರೆ ಬಿಲ್ಲೆ ಮಿಣಮಿಣ ಅನ್ನುತ್ತೆ, ಅದನ್ನ ಬೆರಳಲ್ಲಿ ಮುಟ್ಟಬೇಕು, ಮುಗೀತು. ಎನ್‌ಎಫ್‌ಸಿ ಇರೋ ಫೋನಲ್ಲಾದ್ರೆ ಹಿಂಭಾಗಕ್ಕೆ ತಾಗಿಸಿದ್ರೆ ಸಾಕು, ಮೆಟ್ರೋ ಕಾರ್ಡ್ ತಾಗಿಸ್ತೀವಲ್ಲ ಹಾಗೆ. ಬಿಲ್ಲೆ ಬೆರಳಚ್ಚು ಓದಲ್ಲ, ಇದನ್ನ ನಮ್ಮೋರು ಎಷ್ಟೋ ಜನ ತಪ್ಪು ತಿಳ್ಕೊಂಡಿದ್ರು, ಯಾರು ಮುಟ್ಟಿದ್ರೂ ಆಗುತ್ತೆ, ಕಂಪ್ಯೂಟರ್ ಮುಂದೆ ನಿಜವಾಗ್ಲೂ ಒಬ್ಬ ಮನುಷ್ಯ ಕೂತಿದಾನೆ ಅನ್ನೋದಷ್ಟೇ ಅದಕ್ಕೆ ಬೇಕಾಗಿರೋದು.

ಇದಕ್ಕೂ ಮುಂಚೆ ಸೆಕ್ಯುರಿಟಿ ಹೆಸರಲ್ಲಿ ನಮ್ಮ ಆಫೀಸಲ್ಲಿ ಮೂರು ಪ್ರಯತ್ನ ಆಗಿತ್ತು, ಮೂರೂ ನಿಲ್ಲಲಿಲ್ಲ. ಮೊದಲನೇದು ಹೊರಗಿಂದ ಬರೋ ನೆಟ್ ದಾಳಿ ತಡೆಯೋ ಫೈರ್‌ವಾಲ್ ಡಬ್ಬ. ಬೆಂಗಳೂರಿಂದ ಒಬ್ರು ಬಂದು ಇನ್‌ಸ್ಟಾಲ್ ಮಾಡಿ ಹೋದ್ರು, ಒಂದು ವರ್ಷಕ್ಕೆ ಲೈಸೆನ್ಸ್ ಮುಗೀತು, ರಿನ್ಯೂ ಮಾಡೋಕೆ ಕೇಳಿದ ರೇಟು ನೋಡಿ ನಮ್ಮ ಆಫೀಸಿನ ಯಜಮಾನ್ರು ದೊಡ್ಡ ಸಾರ್ ಆಮೇಲೆ ನೋಡೋಣ ಅಂದ್ರು, ಡಬ್ಬ ಮೂಲೇಲಿ ದೀಪ ಹೊತ್ತಿಸ್ಕೊಂಡು ಹಾಗೇ ಕೂತಿತ್ತು, ಅದು ಏನ್ ಮಾಡುತ್ತೆ ಅಂತ ಆಫೀಸಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ ಅರ್ಧಂಬರ್ಧ. ಎರಡನೇದು 45 ದಿನಕ್ಕೊಂದ್ಸಲ ಪಾಸ್‌ವರ್ಡ್ ಬದಲಾಯಿಸೋ ರೂಲು. ಆ ರೂಲ್ ಮಾಡಿದ್ದು ನಾನೇ. ಎರಡನೇ ತಿಂಗಳಿಗೇ ಎಲ್ಲಾ ಮಾನಿಟರ್ ಕೆಳಗೆ ಚೀಟಿ ಅಂಟಿಕೊಂಡಿತ್ತು, ಇದ್ದ ಪಾಸ್‌ವರ್ಡ್ ಕೊನೇಲಿ 1 ಹೋಗಿ 2, 2 ಹೋಗಿ 3. ತಾಂತ್ರಿಕ ಮಾನದಂಡ ರೂಪಿಸೋ ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ ಸುಮ್ ಸುಮ್ನೆ ಅವಧಿ ಇಟ್ಟು ಪಾಸ್‌ವರ್ಡ್ ಬದಲಾಯಿಸಬೇಡಿ, ಸೋರಿದೆ ಅಂತ ಗೊತ್ತಾದ್ರೆ ಬದಲಾಯಿಸಿ ಅಂತ ಹೇಳಿತ್ತು, ನಾನು ಅದನ್ನ ಓದಿದ್ದು ತುಂಬಾ ತಡವಾಗಿ. ಮೂರನೇದು ಫೋನಲ್ಲೇ ಲಾಗಿನ್ ಕೋಡ್ ತೋರಿಸೋ ಅಥೆಂಟಿಕೇಟರ್ ಆ್ಯಪ್. ಅದು ಕೆಟ್ಟದ್ದಲ್ಲ, ಆದ್ರೆ ಸ್ವಂತ ಫೋನಿಗೆ ಆಫೀಸ್ ಆ್ಯಪ್ ಯಾಕೆ ಹಾಕ್ಬೇಕು ಅಂತ ಕೆಲವರು ಕೇಳಿದ್ರು, ಕೇಳಿದ್ದು ಸರಿನೇ, ಇನ್ನು ಇಬ್ಬರು ಫೋನ್ ಬದಲಾಯಿಸಿ ಕೋಡ್ ಎಲ್ಲಾ ಕಳ್ಕೊಂಡ್ರು, ಅಷ್ಟಕ್ಕೇ ಅದು ನಿಂತೋಯ್ತು.

ಆಮೇಲೆ 2024ರ ಸೆಪ್ಟೆಂಬರ್ ಕೊನೆ ವಾರ. ಆಡಿಟರ್ ಆಫೀಸಲ್ಲಿ ಕೆಲಸ ಮಾಡಿದೋರಿಗೆ ಆ ವಾರ ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ, ಟ್ಯಾಕ್ಸ್ ಆಡಿಟ್ ಗಡುವು, ರಾತ್ರಿ ಹತ್ತಾದ್ರೂ ಯಾರೂ ಸೀಟಿಂದ ಎದ್ದಿರಲ್ಲ. ಆಗ ಆಫೀಸಿನ ಮುಖ್ಯ ಮೇಲ್‌ಗೆ ಒಂದೇ ಪಾಸ್‌ವರ್ಡ್, ಎಲ್ಲರಿಗೂ ಗೊತ್ತು, ಓಟಿಪಿ ಮಾತ್ರ ದೊಡ್ಡ ಸಾರ್ ಫೋನಿಗೆ. ಒಬ್ಬ ಪಾರ್ಟಿ ಕಡೆಯಿಂದ, ಅಂದ್ರೆ ನಮ್ಮ ಗ್ರಾಹಕರ ಕಡೆಯಿಂದ, ಬ್ಯಾಂಕ್ ಸ್ಟೇಟ್‌ಮೆಂಟ್ ಫೈಲ್ ಬಂದ ಹಾಗೆ ಒಂದು ಮೇಲ್ ಬಂತು, ನಮ್ಮ ಮೇಡಂ ಒಬ್ರು ಲಿಂಕ್ ಒತ್ತಿದ್ರು, ಲಾಗಿನ್ ಪೇಜ್ ಬಂತು, ಪಾಸ್‌ವರ್ಡ್ ಹೊಡೆದ್ರು, ಓಟಿಪಿ ಕೇಳಿತು. ಸಾರ್ ಗುಬ್ಬಿ ಹತ್ರ ಒಂದು ಮದುವೇಲಿ ಊಟಕ್ಕೆ ಕೂತಿದ್ರು. ಫೋನ್ ಮಾಡಿ "ಸಾರ್ ಓಟಿಪಿ ಹೇಳಿ" ಅಂದ್ರೆ ದಿನಾ ಹೇಳೋ ಹಾಗೆ ಆರು ಅಂಕಿ ಹೇಳಿದ್ರು. ಆ ಪೇಜ್ ನಕಲಿ, ಅದರ ಹಿಂದೆ ಕೂತಿದ್ದೋರು ಪಾಸ್‌ವರ್ಡ್ ಮತ್ತೆ ಓಟಿಪಿ ಎರಡನ್ನೂ ಅದೇ ಕ್ಷಣದಲ್ಲಿ ಅಸಲಿ ಪೇಜಿಗೆ ಹಾಕಿ ಒಳಗೆ ಹೋದ್ರು. ಒಳಗೆ ಹೋದೋರು ಗಲಾಟೆ ಏನೂ ಮಾಡಲಿಲ್ಲ. ಪಾರ್ಟಿಗಳಿಂದ ಬರೋ ಉತ್ತರ ನಮಗೆ ಕಾಣದೇ ಇರೋ ಹಾಗೆ ಒಂದು ಫಿಲ್ಟರ್ ಹಾಕಿ, ನಮ್ಮ ಫೀಸಿನ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮೇಲೆ ಇದಕ್ಕೆ ಹಾಕಿ ಅಂತ ಪಾರ್ಟಿಗಳಿಗೆ ಮೇಲ್ ಕಳಿಸ್ತಾ ಹೋದ್ರು.

ಗೊತ್ತಾಗಿದ್ದು ತಿಪಟೂರಿನ ಕೊಬ್ಬರಿ ಮಂಡಿ ಸಾಹುಕಾರ್ರಿಂದ. "ಏನಪ್ಪಾ, ಇಷ್ಟು ವರ್ಷದಿಂದ ಮೇಲ್ ಹಾಕ್ತೀಯ, ಒಂದ್ ದಿನಾನೂ ನಮಸ್ಕಾರ ಸಾಹುಕಾರ್ರೇ ಅನ್ನದೆ ಶುರು ಮಾಡ್ದೋನಲ್ಲ, ಇವತ್ತು ಸೀದಾ ದುಡ್ಡು ಹಾಕು ಅಂತಿದೀಯಲ್ಲ" ಅಂತ ಫೋನ್ ಮಾಡಿದ್ರು. ನನ್ನ ಕೈ ಕಾಲು ತಣ್ಣಗಾಯ್ತು. ಅಷ್ಟರಲ್ಲಿ ಇನ್ನೊಬ್ಬ ಪಾರ್ಟಿ 38,000 ಹಾಕಿ ಆಗಿತ್ತು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ವಿ, ಆದ್ರೆ ಆ ಪಾರ್ಟಿಯ ದುಡ್ಡನ್ನ ಆಫೀಸಿಂದಲೇ ತುಂಬಿಕೊಟ್ಟಿದ್ದು. ದುಡ್ಡಿಗಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಆ ಮೇಲ್‌ಬಾಕ್ಸಲ್ಲಿ ನೂರಾರು ಜನರ ಪ್ಯಾನ್, ಆಧಾರ್ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟ್, ಗಂಡ ಹೆಂಡತಿಗೂ ಹೇಳದ ಆಸ್ತಿ ವಿವರ ಎಲ್ಲಾ ಇತ್ತು. ನಂಬಿ ಕೊಟ್ಟಿದ್ದು ಅದು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಮಾಹಿತಿ ಸರಿಯಾಗಿ ಕಾಪಾಡದೇ ಇದ್ರೆ 250 ಕೋಟಿವರೆಗೂ ದಂಡ ಹಾಕೋಕೆ ಅವಕಾಶ ಇದೆ, ಅದನ್ನ ನಾನು ಸಾರ್‌ಗೆ ಎಷ್ಟೋ ಸಲ ಹೇಳಿದ್ದೆ, ಅವರು ತಲೆ ಆಡಿಸ್ತಿದ್ರು. ಸಾಹುಕಾರ್ರ ಒಂದು ಫೋನ್ ಮಾಡಿದ ಕೆಲಸ ಆ ಕಾಯ್ದೆ ಮಾಡಿರಲಿಲ್ಲ.

ಓಟಿಪಿ ಇದ್ರೂ ಹೀಗಾಯ್ತಲ್ಲ ಅಂತ ಹುಡುಕಿದಾಗ ಈ ಕೀ ಸಿಕ್ಕಿತು. ಇದು ಯಾಕೆ ಬೇರೆ ಅಂದ್ರೆ, ನೀವು ಕೀನ ಯಾವ ಸೈಟಿಗೆ ರಿಜಿಸ್ಟರ್ ಮಾಡ್ತೀರೋ ಆ ಸೈಟಿನ ಹೆಸರಿಗೆ ಅಂತಲೇ ಒಂದು ಜೊತೆ ಡಿಜಿಟಲ್ ಕೀ ಹುಟ್ಟುತ್ತೆ, ಅದರಲ್ಲಿ ಗುಟ್ಟಾಗಿರಬೇಕಾದ ಖಾಸಗಿ ಅರ್ಧ ಈ ಸಾಧನದ ಒಳಗಿಂದ ಆಚೆ ಬರಲ್ಲ, ಲಾಗಿನ್ ಆಗುವಾಗ ಬ್ರೌಸರ್ ತಾನೇ ಅಡ್ರೆಸ್ ನೋಡಿ ಕೀಗೆ ಹೇಳುತ್ತೆ. ಒಂದಕ್ಷರ ಹೆಚ್ಚು ಕಮ್ಮಿ ಇರೋ ನಕಲಿ ಸೈಟು ಮನುಷ್ಯನ ಕಣ್ಣಿಗೆ ಅಸಲಿ ಥರಾನೇ ಕಾಣ್ಬಹುದು, ಕೀಗೆ ಅದು ಬೇರೆ ಊರು, ಉತ್ತರ ಕೊಡಲ್ಲ. ಫೋನಲ್ಲಿ ಓದಿ ಹೇಳೋಕೆ ಇದರಲ್ಲಿ ಅಂಕಿನೇ ಇಲ್ಲ, ಹಾಗಾಗಿ ಗುಬ್ಬಿ ಮದುವೆ ಥರದ್ದು ಮತ್ತೆ ಆಗೋಕೆ ದಾರಿನೇ ಇಲ್ಲ. ಗೂಗಲ್ ಕಂಪನಿ 2017ರ ಶುರುವಿಂದ ತನ್ನ 85,000ಕ್ಕೂ ಹೆಚ್ಚು ಉದ್ಯೋಗಿಗಳಿಗೆ ಇಂಥ ಕೀ ಕಡ್ಡಾಯ ಮಾಡಿತು, ಆಮೇಲೆ ಕೆಲಸದ ಖಾತೆ ಫಿಶಿಂಗ್‌ಗೆ, ಅಂದ್ರೆ ಇಂಥ ನಕಲಿ ಪೇಜ್ ಮೋಸಕ್ಕೆ, ಸಿಕ್ಕಿದ ಒಂದು ಕೇಸೂ ವರದಿಯಾಗಿಲ್ಲ ಅಂತ 2018ರಲ್ಲಿ ಹೇಳ್ಕೊಂಡಿತು. ನನಗೆ ಅದಕ್ಕಿಂತ ಹೆಚ್ಚು ನಾಟಿದ್ದು ಕ್ಲೌಡ್‌ಫ್ಲೇರ್ ಕಂಪನಿದು. 2022ರ ಜುಲೈನಲ್ಲಿ ಅವರ ನೌಕರರ ಫೋನಿಗೆ ನಕಲಿ ಲಿಂಕ್ ಬಂತು, ಅದರಲ್ಲಿ ಮೂರು ಜನ ಪಾಸ್‌ವರ್ಡ್ ಹಾಕಿಯೂಬಿಟ್ರು, ಇಂಟರ್‌ನೆಟ್ ಸೆಕ್ಯುರಿಟಿನೇ ಕಸುಬು ಮಾಡ್ಕೊಂಡಿರೋ ಕಂಪನಿಯೋರು! ಆದ್ರೂ ಕಳ್ಳರಿಗೆ ಒಳಗೆ ಬರೋಕೆ ಆಗಲಿಲ್ಲ, ಯಾಕಂದ್ರೆ ಎಲ್ಲರ ಹತ್ರ ಕೀ ಇತ್ತು. ಅದೇ ಹೊತ್ತಿಗೆ ಅದೇ ಥರದ ದಾಳಿಗೆ ಟ್ವಿಲಿಯೋ ಅನ್ನೋ ಇನ್ನೊಂದು ಕಂಪನಿ ಸಿಕ್ಕಿಹಾಕ್ಕೊಂಡಿತು. ಇದನ್ನ ನಮ್ಮ ಮೇಡಂಗೆ ಓದಿ ಹೇಳ್ದೆ, ಅವರು ಸೆಪ್ಟೆಂಬರ್‌ನಿಂದ ಒಂಥರಾ ತಪ್ಪಿತಸ್ಥರ ಹಾಗೆ ಇದ್ರು. ಅಂಥೋರೇ ಮೋಸ ಹೋಗ್ತಾರೆ ಅಂದ್ಮೇಲೆ ಮನುಷ್ಯರನ್ನ ಬೈದು ಪ್ರಯೋಜನ ಇಲ್ಲ, ಅದಕ್ಕೆ ಬೇರೆ ವ್ಯವಸ್ಥೆನೇ ಬೇಕು.

ಸರಿ, ಕೀ ಬಂತು. ಡಿಸೆಂಬರ್ 31ರ ಗಲಾಟೆ ಮುಗೀಲಿ, ಜನವರಿಯ ಜಿಎಸ್‌ಟಿ ರಿಟರ್ನೂ ಹೋಗ್ಲಿ ಅಂತ ಕಾದು ಆಮೇಲೆ ಶುರು ಮಾಡಿದ್ವಿ, ಇದನ್ನ ಯಾವ ಆಫೀಸ್ ಮಾಡಿದ್ರೂ ತಮ್ಮ ಗಡುವಿನ ಕ್ಯಾಲೆಂಡರ್ ನೋಡ್ಕೊಂಡೇ ಮಾಡಿ. ಮೊದಲ ಕೀ ದೊಡ್ಡ ಸಾರ್‌ದು. ಅವರಿಗೆ 64 ವರ್ಷ, ಹೊಸದು ಅಂದ್ರೆ ಸಹಿಸಲ್ಲ, ನನಗೆ ಇದೆಲ್ಲ ಬೇಡ ಹುಡುಗರಿಗೆ ಕೊಡು ಅಂದ್ರು. ನಾನು ಒಪ್ಪಲಿಲ್ಲ, ಸಾರ್ ನೀವು ಹಾಕ್ಕೊಳದೇ ಇದ್ರೆ ಯಾರೂ ಹಾಕ್ಕೊಳಲ್ಲ ಅಂದೆ. ಹಳೇ ಮೂರು ಪ್ರಯತ್ನದಲ್ಲೂ ಸಾರ್‌ಗೆ ವಿನಾಯ್ತಿ ಇತ್ತು, ಸಾರ್‌ಗೆ ಇದೆ ಅಂತ ಸೀನಿಯರ್‌ಗೆ, ಸೀನಿಯರ್‌ಗೆ ಇದೆ ಅಂತ ಸಿಎ ಓದ್ತಾ ಕೆಲಸ ಕಲಿಯೋಕೆ ಬಂದಿರೋ ಆರ್ಟಿಕಲ್ಸ್ ಹುಡುಗರಿಗೆ, ಹೀಗೇ ಅದು ಸೋರಿ ಹೋಗಿದ್ದು. ಮೂರು ದಿನ ಗೊಣಗಿದ್ರು, ನಾಲ್ಕನೇ ದಿನ ಅವರೇ ಬಂದೋರಿಗೆಲ್ಲ ತೋರಿಸೋಕೆ ಶುರು ಮಾಡಿದ್ರು.

ಎಲ್ಲರಿಗೂ ಅವರವರದೇ ಮೇಲ್ ಐಡಿ ಮಾಡಿದ್ವಿ, ಆಫೀಸಿನ ಮುಖ್ಯ ಮೇಲ್‌ಬಾಕ್ಸನ್ನ ಪಾಸ್‌ವರ್ಡ್ ಹಂಚದೆ ಡೆಲಿಗೇಟ್ ಮಾಡಿ ಅವರ ಐಡಿಯಿಂದಲೇ ಕಾಣೋ ಹಾಗೆ ಕೊಟ್ವಿ, ನಮ್ಮ ಮೇಲ್ ಇರೋ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಈ ಸೌಲಭ್ಯ ತುಂಬಾ ವರ್ಷದಿಂದ ಇದೆ, ನಮಗೇ ಗೊತ್ತಿರಲಿಲ್ಲ. ಮೂರು ವಾರ ಕೀನೂ ನಡೀತಿತ್ತು ಓಟಿಪಿನೂ ನಡೀತಿತ್ತು. ಆ ಮೂರು ವಾರದಲ್ಲಿ ಕೀ ಬಳಸಿದ್ದು ಹೆಚ್ಚಂದ್ರೆ ಅರ್ಧ ಜನ, ಹಳೇ ದಾರಿ ತೆರೆದಿದ್ರೆ ಕಾಲು ಅದರ ಕಡೆಗೇ ಹೋಗುತ್ತೆ, ಕಳ್ಳನಿಗೂ ಅದೇ ದಾರಿ ಸಾಕು. ಫೆಬ್ರವರಿಯಲ್ಲಿ ಒಂದು ಶನಿವಾರ ಅಡ್ಮಿನ್ ಕನ್ಸೋಲಲ್ಲಿ "ಸೆಕ್ಯುರಿಟಿ ಕೀ ಮಾತ್ರ" ಅನ್ನೋ ಆಯ್ಕೆ ಹಾಕ್ದೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದೆ, ಎದೆ ಹೊಡ್ಕೊಳ್ತಿತ್ತು. ಇಬ್ಬರು ಕೀ ಮನೇಲಿ ಬಿಟ್ಟು ಬಂದಿದ್ರು. ಅವರ ಎರಡನೇ ಕೀ ಆಫೀಸಿನ ಗಾಡ್ರೆಜ್ ಬೀರುವಲ್ಲಿ ಹೆಸರು ಬರೆದ ಕವರಲ್ಲಿತ್ತು, ತೆಗೆದು ಕೊಟ್ಟೆ, ಕೆಲಸ ನಡೀತು. ತಲೆಗೆ ಎರಡು ಯಾಕೆ, ಒಂದೇ ತಗೊಂಡ್ರೆ ಖರ್ಚು ಅರ್ಧ ಆಗುತ್ತಲ್ಲ ಅಂತ ಕೇಳೋರಿಗೆ ಆ ಸೋಮವಾರನೇ ಉತ್ತರ. ಒಂದೇ ಇದ್ದಿದ್ರೆ ನಾನು ಅವತ್ತೇ ಓಟಿಪಿ ವಾಪಸ್ ತೆರೀತಿದ್ದೆ, ಆಮೇಲೆ ಮುಚ್ಚೋಕೆ ಆಗ್ತಿರಲಿಲ್ಲ.

ಇದು ನಿಂತಿದ್ದಕ್ಕೆ ನಿಜವಾದ ಕಾರಣ ಮಾತ್ರ ಸೆಕ್ಯುರಿಟಿ ಅಲ್ಲ ಅಂತ ನನಗೆ ಅನಿಸುತ್ತೆ. ಮೊದಲು ಬೆಳಗ್ಗೆಯಿಂದ ಸಂಜೆವರೆಗೂ ಆಫೀಸಲ್ಲಿ ಒಂದೇ ಕೂಗು, "ಸಾರ್ ಓಟಿಪಿ ಬಂತಾ, ಸಾರ್ ಓಟಿಪಿ". ಸಾರ್ ಮೀಟಿಂಗಲ್ಲಿದ್ರೆ, ದೇವಸ್ಥಾನದಲ್ಲಿದ್ರೆ, ನೆಟ್‌ವರ್ಕ್ ಇಲ್ಲದ ಊರಲ್ಲಿದ್ರೆ ಕೆಲಸ ನಿಂತೇ ಹೋಗೋದು. ಮೇಲ್ ಮಟ್ಟಿಗೆ ಆ ಕೂಗು ಹೋಯ್ತು. ನಮ್ಮ ಮೇಡಂ ಒಂದಿನ ಸಂಜೆ, ಇವತ್ತು ಇಡೀ ದಿನ ಸಾರ್‌ಗೆ ಒಂದೂ ಫೋನ್ ಮಾಡಿಲ್ಲ ನೋಡು ಅಂದ್ರು, ಆಗ ನನಗೆ ಇದು ಉಳಿಯುತ್ತೆ ಅಂತ ಧೈರ್ಯ ಬಂತು. ಹಿಂದಿನ ಮೂರೂ ಅವರ ಕೆಲಸಕ್ಕೆ ಇನ್ನೊಂದು ಕೆಲಸ ಸೇರಿಸಿತ್ತು, ಇದು ಒಂದು ಕೆಲಸ ಕಡಿಮೆ ಮಾಡಿತು. ಹೊಸ ಸೆಕ್ಯುರಿಟಿ ಐಟಂ ತರೋಕೆ ಮುಂಚೆ ಆಫೀಸಿನ ಯಜಮಾನ್ರು ಕೇಳ್ಕೊಬೇಕಾದ್ದು ಇದನ್ನೇ, ಟೇಬಲ್ ಮುಂದೆ ಕೂರೋ ಹುಡುಗಿಗೆ ನಾಳೆ ಬೆಳಗ್ಗೆ ಇದರಿಂದ ಏನು ಹಗುರ ಆಗುತ್ತೆ ಅಂತ.

ಜುಲೈನಲ್ಲಿ ಆಗಿದ್ದು ಹೇಳ್ತೀನಿ. ಆರ್ಟಿಕಲ್ಸ್ ಹುಡುಗ ಒಬ್ಬ ಕೀ ಕೈಯಲ್ಲಿ ಹಿಡ್ಕೊಂಡು ನನ್ನ ಟೇಬಲ್ ಹತ್ರ ಬಂದ, "ಅಣ್ಣಾ ಕೀ ಕೆಟ್ಟೋಗಿದೆ, ದೀಪಾನೇ ಬರ್ತಿಲ್ಲ" ಅಂದ. ಹೋಗಿ ಅವನ ಸ್ಕ್ರೀನ್ ನೋಡ್ದೆ. ನಮ್ಮ ಮೇಲ್ ಲಾಗಿನ್ ಪೇಜೇ, ಅದೇ ಬಣ್ಣ, ಅದೇ ಅಕ್ಷರ, ಅವನ ಐಡಿ ಮೊದಲೇ ತುಂಬಿತ್ತು, ಪಾಸ್‌ವರ್ಡ್ ಹಾಕಿ ಆಗಿತ್ತು, ಮುಂದೆ ಚಕ್ರ ತಿರುಗ್ತಾ ನಿಂತಿತ್ತು. ಮೇಲಿನ ಅಡ್ರೆಸ್ ನೋಡಿದ್ರೆ ಯಾವುದೋ ಉದ್ದದ್ದು, ಗೂಗಲ್‌ಗೂ ಅದಕ್ಕೂ ಸಂಬಂಧನೇ ಇಲ್ಲ. ಕೀ ಕೆಟ್ಟಿರಲಿಲ್ಲ. ಅವನ ಪಾಸ್‌ವರ್ಡ್ ತಕ್ಷಣ ಬದಲಾಯಿಸಿದ್ವಿ, ಆ ಮೇಲ್ ಬೇರೆ ಯಾರಿಗೆಲ್ಲ ಬಂದಿದೆ ನೋಡಿ ತೆಗೆದ್ವಿ, ಹದಿನೈದು ನಿಮಿಷದ ಕೆಲಸ. ಹಿಂದಿನ ಸೆಪ್ಟೆಂಬರ್‌ನಲ್ಲಿ ಇದೇ ಥರದ ಒಂದು ಪೇಜು ನಮ್ಮನ್ನ ಎರಡು ತಿಂಗಳು ನಿದ್ದೆಗೆಡಿಸಿತ್ತು. ನಾನು ಆ ಹುಡುಗನ ಕೈಯಿಂದ ಕೀ ಇಸ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ನಿಂತೆ.

ಇನ್ನು ಅರ್ಧ ಮಾರ್ಕ್ ಯಾಕೆ ಕಡಿಮೆ ಅಂದ್ರೆ, ನಮ್ಮ ಕಸುಬಿನ ದೊಡ್ಡ ಭಾಗ ನಡೆಯೋ ಕಡೆ ಇದು ನಡೆಯಲ್ಲ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಇ-ಫೈಲಿಂಗ್ ವಾಲ್ಟ್ ಅಂತ ಲಾಗಿನ್‌ಗೆ ಎರಡನೇ ಬೀಗ ಇದೆ, ಅದರಲ್ಲಿ ಆಧಾರ್ ಓಟಿಪಿ, ನೆಟ್‌ಬ್ಯಾಂಕಿಂಗ್, ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಇಂಥವು ಇಟ್ಕೊಬಹುದು, ಈ ಕೀ ಇಲ್ಲ. ಇ-ವೇ ಬಿಲ್, ಇ-ಇನ್‌ವಾಯ್ಸ್‌ಗೆ 2025ರಲ್ಲಿ ಎಲ್ಲರಿಗೂ ಎರಡನೇ ಹಂತದ ಲಾಗಿನ್ ಕಡ್ಡಾಯ ಆಯ್ತು, ಅಲ್ಲೂ ಎಸ್‌ಎಂಎಸ್, ಸಂದೇಸ್ ಆ್ಯಪ್, ಎನ್‌ಐಸಿ ಜಿಎಸ್‌ಟಿ ಶೀಲ್ಡ್ ಆ್ಯಪ್ ಅಷ್ಟೇ. ಹಾಗಾಗಿ ಆ ಕೂಗು ಪೂರ್ತಿ ಹೋಗಿಲ್ಲ, ಪೋರ್ಟಲ್ ಓಟಿಪಿಗೆ ಈಗ್ಲೂ ಪಾರ್ಟಿಗಳಿಗೆ ಫೋನ್ ಮಾಡ್ಬೇಕು.

ಡಿಎಸ್‌ಸಿ ಅಂದಾಗ ಒಂದು ಮುಖ್ಯ ವಿಷಯ. ಈ ಕೀ ಡಿಎಸ್‌ಸಿ ಅಲ್ಲ, ಇದರಲ್ಲಿ ಡಿಜಿಟಲ್ ಸಹಿ ಹಾಕೋಕೆ ಬರಲ್ಲ. ಆದ್ರೆ ಯುಎಸ್‌ಬಿ ಟೋಕನ್ ಅನ್ನೋದು ನಮ್ಮ ಕಸುಬಿಗೆ ಹೊಸದೇ ಅಲ್ಲ, 2006ರಲ್ಲಿ ಕಂಪನಿ ದಾಖಲೆ ಸಲ್ಲಿಸೋ ಸರ್ಕಾರಿ ಪೋರ್ಟಲ್ ಎಂಸಿಎ-21 ಬಂದಾಗಿಂದ ಡಿಎಸ್‌ಸಿ ಡಾಂಗಲ್ ನಮ್ಮ ಮನೆ ಮಗು. ಆ ತಂತ್ರಜ್ಞಾನ ತುಂಬಾ ಗಟ್ಟಿ, ಖಾಸಗಿ ಕೀ ಟೋಕನ್ ಬಿಟ್ಟು ಆಚೆ ಬರಲ್ಲ, ಕಾಗದದ ಮೇಲೆ ಎಲ್ಲಾ ಸರಿ. ನಮ್ಮ ಆಫೀಸಲ್ಲಿ ಅದು ಎಲ್ಲಿತ್ತು ಗೊತ್ತಾ? ಎರಡನೇ ಡ್ರಾಯರಲ್ಲಿ. ಎಪ್ಪತ್ತಕ್ಕೂ ಹೆಚ್ಚು ಡಾಂಗಲ್, ಒಂದೊಂದಕ್ಕೂ ಬಿಳಿ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಪಾರ್ಟಿ ಹೆಸರು, ಹೆಸರಿನ ಕೆಳಗೆ ಪಾಸ್‌ವರ್ಡ್. ಡ್ರಾಯರ್‌ಗೆ ಬೀಗನೂ ಇರಲಿಲ್ಲ. ಖಾಸಗಿ ಕೀ ತನ್ನ ಹತೋಟಿಯಲ್ಲೇ ಇರೋ ಹಾಗೆ ಸರ್ಟಿಫಿಕೇಟ್ ಪಡೆದೋರು ಎಚ್ಚರ ವಹಿಸಬೇಕು ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತೆ. ಪಾರ್ಟಿಗಳಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತಿದ್ದೂ ಅನುಕೂಲಕ್ಕೆ ಇಟ್ಕೊಂಡಿದ್ವಿ. ಸರ್ಕಾರ ಕಡ್ಡಾಯ ಮಾಡಿದ್ದಕ್ಕೆ ಎಲ್ಲರೂ ತಗೊಂಡ್ರು, ಆದ್ರೆ ಯಾರ ದಿನಚರಿಗೂ ಅದು ಹೊಂದಲಿಲ್ಲ, ಹೊಂದದೇ ಇರೋದನ್ನ ಜನ ಡ್ರಾಯರ್‌ಗೆ ಹಾಕ್ತಾರೆ. ಸೆಕ್ಯುರಿಟಿ ಕೀನೂ ಅದೇ ಡ್ರಾಯರ್‌ಗೆ ಹೋಗುತ್ತೇನೋ ಅನ್ನೋದೇ ನನ್ನ ದೊಡ್ಡ ಭಯ ಆಗಿತ್ತು. ಅದಕ್ಕೇ ಒಂದು ಕೀ ಸ್ವಂತ ಬೀಗದ ಗೊಂಚಲಲ್ಲೇ ಇರಬೇಕು ಅಂತ ಹಠ ಹಿಡಿದೆ, ಮನೆ ಕೀ, ಗಾಡಿ ಕೀ ಜೊತೆ. ಗಾಡಿ ಕೀ ಯಾರೂ ಆಫೀಸಲ್ಲಿ ಬಿಟ್ಟು ಹೋಗಲ್ಲ.

ಮಾರ್ಚ್‌ನಲ್ಲಿ ಸಾರ್ ತಾವಾಗಿಯೇ ಆ ಡ್ರಾಯರ್ ಖಾಲಿ ಮಾಡೋಣ ಅಂದ್ರು. ಒಬ್ಬೊಬ್ಬ ಪಾರ್ಟಿಗೂ ಫೋನ್ ಮಾಡಿ ಡಾಂಗಲ್ ವಾಪಸ್ ಕೊಟ್ವಿ, ಸಹಿ ಇರೋ ದಿನ ತನ್ನಿ ಇಲ್ಲಾ ನಾವೇ ಬರ್ತೀವಿ ಅಂತ. ಕೆಲವರಿಗೆ ಬೇಜಾರಾಯ್ತು, ಏನ್ ಸಾರ್ ನಮ್ಮೇಲೆ ನಂಬಿಕೆ ಹೋಯ್ತಾ ಅಂದ್ರು. ನಂಬಿಕೆ ಇರೋದಕ್ಕೇ ವಾಪಸ್ ಕೊಡ್ತಿದೀವಿ ಅಂತ ಸಾರ್ ಹೇಳಿದ್ರು. ಹನ್ನೆರಡು ಜನ ಇನ್ನೂ ತಗೊಂಡೇ ಹೋಗಿಲ್ಲ, ಅವು ಈಗ ಬೀಗ ಇರೋ ಬೀರುವಲ್ಲಿ, ಸ್ಟಿಕ್ಕರ್ ಕಿತ್ತು, ಪಾಸ್‌ವರ್ಡ್ ಇಲ್ಲದೆ ಇವೆ.

ತಗೊಳೋರಿಗೆ ಇನ್ನು ಸ್ವಲ್ಪ. ಆಫೀಸಲ್ಲಿ ಹಳೇ ಡೆಸ್ಕ್‌ಟಾಪ್ ಇದ್ರೆ ಯುಎಸ್‌ಬಿ-ಎ ತಗೊಳಿ, ಹೊಸ ಲ್ಯಾಪ್‌ಟಾಪ್ ಆದ್ರೆ ಸಿ. ನಾವು ಪೆನ್ ಡ್ರೈವ್ ಬ್ಲಾಕ್ ಮಾಡಿದ್ವಿ, ಕೀ ಹೇಗೆ ನಡೆಯುತ್ತೋ ಅಂದ್ಕೊಂಡಿದ್ದೆ, ಅದು ಕಂಪ್ಯೂಟರಿಗೆ ಕೀಬೋರ್ಡ್ ಥರದ ಸಾಧನವಾಗಿ ಕಾಣೋದು, ಸ್ಟೋರೇಜ್ ಅಲ್ಲ, ಹಾಗಾಗಿ ಏನೂ ತೊಂದರೆ ಆಗಲಿಲ್ಲ. ಕೀಗೆ ಒಂದು ಪಿನ್ ಇಟ್ಕೊಬಹುದು, ಮೂರು ಸಲ ತಪ್ಪು ಹೊಡೆದ್ರೆ ಕಿತ್ತು ಮತ್ತೆ ಚುಚ್ಚಬೇಕು, ಒಟ್ಟು ಎಂಟು ಸಲ ತಪ್ಪಾದ್ರೆ ಲಾಕ್, ಆಮೇಲೆ ರೀಸೆಟ್ ಮಾಡಿ ಎಲ್ಲಾ ಕಡೆ ಮತ್ತೆ ರಿಜಿಸ್ಟರ್ ಮಾಡ್ಬೇಕು. ನಮ್ಮಲ್ಲಿ ಒಬ್ರು ಎಟಿಎಂ ಪಿನ್ನನ್ನೇ ಎಂಟು ಸಲ ಹೊಡೆದು ಲಾಕ್ ಮಾಡ್ಕೊಂಡ್ರು, ಎರಡನೇ ಕೀ ಕಾಪಾಡಿತು. ಇದರ ಒಳಗಿನ ಸಾಫ್ಟ್‌ವೇರ್, ಅಂದ್ರೆ ಫರ್ಮ್‌ವೇರ್, ಆಮೇಲೆ ಅಪ್‌ಡೇಟ್ ಮಾಡೋಕೆ ಬರಲ್ಲ, 5.7ಕ್ಕಿಂತ ಹಳೇ ಫರ್ಮ್‌ವೇರ್ ಕೀಗಳಲ್ಲಿ ಒಂದು ದೋಷ ಇದೆ ಅಂತ 2024ರ ಸೆಪ್ಟೆಂಬರ್‌ನಲ್ಲಿ ಹೊರಗೆ ಬಂತು, ಕೀನ ಕದ್ದು ಬಿಚ್ಚಿ ದುಬಾರಿ ಉಪಕರಣ ಇಟ್ಟು ಮಾಡೋ ದಾಳಿ ಅದು, ನಮ್ಮಂಥೋರಿಗೆ ದೊಡ್ಡ ಭಯ ಅಲ್ಲ, ಆದ್ರೂ ಹೊಸದಾಗಿ ತಗೊಳೋರು ಹಳೇ ಸ್ಟಾಕ್ ತಗೊಬೇಡಿ. ಅಮೆರಿಕದ ಬೆಲೆ ಇಲ್ಲಿಗೆ ಬರೋ ಹೊತ್ತಿಗೆ ಇನ್ನೂ ಏರುತ್ತೆ, 36 ಕೀ ಅಂದಾಗ ಸಾರ್ ಮುಖ ಸಪ್ಪಗಾಗಿದ್ದು ನಿಜ.

ಪಾಸ್‌ವರ್ಡ್ ಬದಲು ಫೋನ್ ಲಾಕ್ ತೆಗೆದೇ ಲಾಗಿನ್ ಆಗೋ, ಫೋನಲ್ಲೇ ಇರೋ ಪಾಸ್‌ಕೀ ಪುಗಸಟ್ಟೆ ಅಲ್ವಾ, ಕೀ ಯಾಕೆ ಅಂತ ಕೇಳ್ಬಹುದು. ಮನೆಗೆ, ಸ್ವಂತಕ್ಕೆ ಅದೇ ಸಾಕು, ನಕಲಿ ಸೈಟಿಗೆ ಅದೂ ಮೋಸ ಹೋಗಲ್ಲ, ನಮ್ಮ ಮನೇಲಿ ನನ್ನ ಹೆಂಡತಿ ಅದನ್ನೇ ಬಳಸ್ತಾಳೆ. ಆಫೀಸಿಗೆ ನನಗೆ ಕೈಗೆ ಸಿಗೋ ವಸ್ತು ಬೇಕಾಗಿತ್ತು. ಆರ್ಟಿಕಲ್‌ಶಿಪ್ ಈಗ ಎರಡೇ ವರ್ಷ, ಹುಡುಗರು ಬರ್ತಾರೆ ಹೋಗ್ತಾರೆ, ಹೋಗೋ ದಿನ ಐಡಿ ಕಾರ್ಡ್ ಜೊತೆ ಕೀ ಟೇಬಲ್ ಮೇಲೆ ಇಟ್ಟು ಹೋಗ್ತಾರೆ, ಅವತ್ತೇ ಐಡಿ ಮುಚ್ಚಿ ಕೀ ರೀಸೆಟ್ ಮಾಡಿ ಮುಂದಿನೋರಿಗೆ ಕೊಡ್ತೀನಿ.

ಹೋದ ತಿಂಗಳು ತಿಪಟೂರಿನ ಸಾಹುಕಾರ್ರು ಆಫೀಸಿಗೆ ಬಂದಿದ್ರು. ದೊಡ್ಡ ಸಾರ್ ಗೊಂಚಲಲ್ಲಿ ಕೀ ನೋಡಿ ಇದೇನು ಅಂತ ಕೇಳಿ, ಪೂರ್ತಿ ಕಥೆ ಕೇಳಿ, ನನಗೂ ಎರಡು ತರಿಸು ಅಂದ್ರು. ಮಂಡಿ ಮೇಲ್‌ಗೆ ರಿಜಿಸ್ಟರ್ ಮಾಡಿ ಕೊಟ್ಟೆ, ಮುಟ್ಟೋದು ಹೇಗೆ ಅಂತ ನಾಲ್ಕು ಸಲ ಮಾಡಿ ನೋಡಿದ್ರು. ಒಂದನ್ನ ಅಲ್ಲೇ ಉಡಿದಾರಕ್ಕೆ, ಗೋಡೌನ್ ಬೀಗದ ಕೈ ಪಕ್ಕ ಕಟ್ಕೊಂಡ್ರು. ಸಂಜೆ ಊರಿಗೆ ಮುಟ್ಟಿದ ಮೇಲೆ ಫೋನ್ ಮಾಡಿ, "ಇನ್ನೊಂದನ್ನ ಬೀರು ಲಾಕರ್‌ನಲ್ಲಿ ಬಂಗಾರದ ಜೊತೆ ಇಟ್ಟಿದೀನಿ ಕಣಪ್ಪಾ, ಸರಿ ತಾನೇ" ಅಂದ್ರು.